ಇಪ್ಪತ್ತಾರನೆಯ ತಾಟು

ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದು ಹೆಡ್‌ಮಾಸ್ತರರಿಗಿಂತ ಮೊದಲು ಅಡುಗೆಯವಳಿಗೆ ಗೊತ್ತಾಗುತ್ತದೆ. ಹೆಡ್‌ಮಾಸ್ತರರು ಹಾಜರಿ ಪುಸ್ತಕ ನೋಡುತ್ತಾರೆ, ಅಡುಗೆಯವಳು ತಾಟು ನೋಡುತ್ತಾಳೆ. ಆಡಕಿಗೆ ಮೂರು ಕಿಲೋಮೀಟರ್ ದೂರದ ಆ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಹಾದೇವಮ್ಮ ಇಪ್ಪತ್ತೆರಡು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದಳು. ಸೇರಿದ ವರ್ಷ ದಿನಾ ನೂರಾ ಹತ್ತು ತಾಟು ತೊಳೆಯುತ್ತಿದ್ದರು. ಈಗ ತೊಳೆಯುವುದು ಇಪ್ಪತ್ತೈದು, ಉಳಿದವು ಮೂಲೆಯ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದವು.

ಆ ಇಪ್ಪತ್ತೈದರಲ್ಲೂ ಗಂಡು ಏಳು, ಹೆಣ್ಣು ಹದಿನೆಂಟು ಎಂದು ಆಫೀಸಿನ ಗೋಡೆಯ ಹಲಗೆಯ ಮೇಲೆ ಬರೆದಿತ್ತು. ಗಂಡುಮಕ್ಕಳು ಎಲ್ಲಿ ಹೋದರು ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಸೇಡಂನ ಇಂಗ್ಲಿಷ್ ಶಾಲೆಯೊಂದರ ಹಳದಿ ವ್ಯಾನು ಪಂಚಾಯ್ತಿ ಕಟ್ಟೆಯ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಟೈ ಕಟ್ಟಿದ ಹುಡುಗರು ಅದರೊಳಗೆ ತುಂಬಿಕೊಳ್ಳುತ್ತಿದ್ದರು. ಅವರ ಅಕ್ಕತಂಗಿಯರು ವ್ಯಾನಿಗೆ ಕೈಬೀಸಿ, ಚೀಲ ಹೆಗಲಿಗೇರಿಸಿ, ಸರ್ಕಾರಿ ಶಾಲೆಗೆ ನಡೆಯುತ್ತಿದ್ದರು. ಊರಿಗೆ ಊರೇ ಹೀಗೆ ಮಾಡುತ್ತಿದ್ದುದರಿಂದ ಯಾವ ಮನೆಗೂ ನಾಚಿಕೆಯಾಗುತ್ತಿರಲಿಲ್ಲ.

ಮಹಾದೇವಮ್ಮನ ಮನೆಯೂ ಅದರಿಂದ ಹೊರತಲ್ಲ. ಮಗ ಸಿದ್ಧಲಿಂಗ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ. ಸೊಸೆ ಭಾಗ್ಯಶ್ರೀ ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಮೊಮ್ಮಗಳು ಶೈಲಶ್ರೀ ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿ, ಮೊಮ್ಮಗ ಕಾಶೀನಾಥ ಇಂಗ್ಲಿಷ್ ಶಾಲೆಯಲ್ಲಿ ಎರಡನೆಯದು. ಎರಡು ವರ್ಷದ ಹಿಂದೆ ಅವನನ್ನು ವ್ಯಾನು ಹತ್ತಿಸಿದ ದಿನ ಮಹಾದೇವಮ್ಮನೇ ಕೈಯಾರೆ ಟೈ ಕಟ್ಟಿ ದೃಷ್ಟಿ ತೆಗೆದಿದ್ದಳು. "ಹುಡುಗಿಗ್ಯಾಕ ವ್ಯಾನು? ಆಕಿ ನನ್ನ ಕಣ್ಣ ಮುಂದ ಇರ್ತಾಳ" ಎಂದವಳೂ ಅವಳೇ. ವ್ಯಾನಿನ ಬಾಡಿಗೆ ಅವಳ ಬಿಸಿಯೂಟದ ಪಗಾರದಿಂದಲೇ ಹೋಗುತ್ತಿತ್ತು. ಸರ್ಕಾರಿ ಶಾಲೆಯ ಅನ್ನ ಬೇಯಿಸಿ ಬಂದ ದುಡ್ಡು ಆ ಶಾಲೆಯನ್ನು ಖಾಲಿ ಮಾಡುವ ವ್ಯಾನಿಗೆ ಡೀಸೆಲ್ಲಾಗುತ್ತಿತ್ತು.

ಜೂನ್ ಮೊದಲ ವಾರ ಹೆಡ್‌ಮಾಸ್ತರ್ ರಮೇಶಕುಮಾರ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು.

"ಮಾದೇವಮ್ಮ, ಈ ಸಲ ಕಟ್ಟುನಿಟ್ಟು ಅದ. ಇಪ್ಪತ್ತೈದು ಮಕ್ಕಳಿಗೆ ಅಡುಗಿಯವರು ಒಬ್ಬರೇ. ಇಪ್ಪತ್ತಾರಾದ್ರ ಇಬ್ಬರು. ಜುಲೈ ತನಕ ಒಂದು ಮಗು ಹೆಚ್ಚಿಗಿ ತರ್ರಿ, ಇಲ್ಲಾಂದ್ರ ಒಬ್ಬರು ಮನಿಗಿ."

ಆ ಒಬ್ಬರು ಯಾರು ಎಂಬುದನ್ನು ಅವರು ಹೇಳಲಿಲ್ಲ. ಒಲೆಯ ಮುಂದೆ ಕೂತಿದ್ದ ಇಮಾಮ್ಬೀ ಊದುಕೊಳವೆ ಕೆಳಗಿಟ್ಟಳು. ಅವಳು ಸೇರಿ ಹನ್ನೊಂದು ವರ್ಷ. ಮಹಾದೇವಮ್ಮ ಮುಖ್ಯ ಅಡುಗೆಯವಳು, ಇಮಾಮ್ಬೀ ಸಹಾಯಕಿ. ಹೋಗಬೇಕಾದವಳು ತಾನೇ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಇಬ್ಬರ ಕೆಲಸದ ರೀತಿಯೇ ಬೇರೆ ಇತ್ತು. ಅನ್ನ, ಬೇಳೆ, ಸಾರು ಮಹಾದೇವಮ್ಮನದು. ತತ್ತಿ, ಅಂದರೆ ಮೊಟ್ಟೆ, ಇಮಾಮ್ಬೀದು. ಲಿಂಗ ಕಟ್ಟಿಕೊಂಡ ಮಹಾದೇವಮ್ಮ ತತ್ತಿ ಮುಟ್ಟುತ್ತಿರಲಿಲ್ಲ. ತತ್ತಿಯ ದಿನ ಇಮಾಮ್ಬೀ ಹೊರಗೆ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ, ಬೇರೆ ಪಾತ್ರೆಯಲ್ಲಿ ಕುದಿಸಿ, ಸುಲಿದು, ತಾನೇ ಹಂಚುತ್ತಿದ್ದಳು. ಒಲ್ಲದ ಮಕ್ಕಳಿಗೆ ಮಹಾದೇವಮ್ಮ ಬಾಳೆಹಣ್ಣು ಕೊಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಇದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿಕೊಂಡಿರಲಿಲ್ಲ, ಆಡುವ ಅಗತ್ಯವೂ ಬಿದ್ದಿರಲಿಲ್ಲ.

ಮರುದಿನದಿಂದ ಇಬ್ಬರೂ ಮನೆಮನೆ ತಿರುಗಿದರು. ಶಾಲಾ ಸಮಿತಿಯ ಅಧ್ಯಕ್ಷ ಜಟ್ಟೆಪ್ಪನ ಮನೆಗೇ ಮೊದಲು ಹೋದರು. ಅವನ ಹಿರಿಯ ಮಗಳು ಸರ್ಕಾರಿ ಶಾಲೆಯಲ್ಲಿದ್ದಳು. ಪಾಲಕರೇ ಅಧ್ಯಕ್ಷರಾಗಬೇಕೆಂಬ ನಿಯಮವಿದ್ದುದರಿಂದ, ಮಗಳು ಇದ್ದದ್ದಕ್ಕೇ ಅವನು ಅಧ್ಯಕ್ಷನಾಗಿದ್ದ. ಸಣ್ಣ ಮಗನಿಗೆ ಈ ವರ್ಷ ಆರು ತುಂಬಿತ್ತು.

"ಪುಸ್ತಕ ಕೊಡ್ತಾರ, ಬೂಟು ಕೊಡ್ತಾರ, ಹಾಲು ಕೊಡ್ತಾರ. ಸಣ್ಣವನ್ನ ನಮ್ಮ ಸಾಲಿಗಿ ಹಾಕ್ರಿ" ಅಂದಳು ಮಹಾದೇವಮ್ಮ.

"ಹುಡುಗಿ ಹ್ಯಾಂಗೂ ಅದಾಳಲ್ಲ ನಿಮ್ಮ ಸಾಲ್ಯಾಗ" ಅಂದ ಜಟ್ಟೆಪ್ಪ, ಚಹದ ಬಟ್ಟಲಿನಿಂದ ಮುಖ ಎತ್ತದೆ. "ಹುಡುಗಗ ಸೇಡಂದಾಗ ಸೀಟು ಹಿಡದೀನಿ."

"ಅಧ್ಯಕ್ಷರ ಮಗನೇ ಬರಲಿಲ್ಲಾಂದ್ರ ಮಂದಿ ಹ್ಯಾಂಗ ಕಳಸ್ತಾರ್ರಿ?"

"ಅಡುಗಿಯಾಕಿ ಮೊಮ್ಮಗ ಎಲ್ಲಿ ಓದಾಕತ್ತಾನ ಮಾದೇವಮ್ಮ?"

ಮಹಾದೇವಮ್ಮ ಸೆರಗು ಕೊಡವಿ ಎದ್ದಳು. ಅವನ ಮೇಲೆ ಬಂದ ಸಿಟ್ಟಿನಷ್ಟೇ ಸಿಟ್ಟು, ಅವನು ಹೇಳಿದ್ದು ಖರೆಯಾಗಿದ್ದುದರ ಮೇಲೂ ಬಂದಿತ್ತು. ಮುಂದಿನ ಹನ್ನೆರಡು ಮನೆಗಳಲ್ಲೂ ಅದೇ ಪ್ರಶ್ನೆ ಬಂತು. ಕೆಲವರು ನಕ್ಕು ಕೇಳಿದರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು.

ಕೊನೆಗೆ ಇಮಾಮ್ಬೀ ಒಂದು ಹಾದಿ ಹುಡುಕಿದಳು. ಶಹಾಬಾದಿನಲ್ಲಿದ್ದ ಮಗಳ ಮಗ ತಾರೀಕನನ್ನು ಕರೆತಂದಳು. ಇಮಾಮ್ಬೀಯ ಜೊತೆಗೇ ಇದ್ದ ಇನ್ನೊಬ್ಬ ಮಗಳ ಮಗಳು ಮುಸರತ ಮೊದಲೇ ಮೂರನೆಯ ತರಗತಿಯಲ್ಲಿದ್ದಳು. ತಾಯಿಯನ್ನು ಬಿಟ್ಟು ಬಂದ ತಾರೀಕ ಎರಡು ದಿನ ಅಡುಗೆಕೋಣೆಯ ಹೊಸ್ತಿಲಲ್ಲೇ ಕೂತು ಅತ್ತ. ಮೂರನೆಯ ದಿನ ಒಂದನೆಯ ತರಗತಿಯಲ್ಲಿ ಕೂತ. ಲೆಕ್ಕ ಇಪ್ಪತ್ತಾರಾಯಿತು.

"ಅಕ್ಕಾ, ಮಗಳು ಭಾಳ ಅತ್ತಾಳ ಇವನ್ನ ಕಳಸುವಾಗ" ಅಂದಳು ಇಮಾಮ್ಬೀ. "ನಿಮ್ಮ ಶೈಲಾ ಇರ್ತಾಳಲ್ಲ? ಆಕಿ ಹೋದ್ರ ನಾ ಇವನ್ನ ತಂದಿದ್ದು ಹಾಳಾತು."

"ಐದನೇತ್ತಿ ಮುಗಸೂತನಕ ನನ್ನ ಶೈಲಾ ಇಲ್ಲಿಂದ ಕದಲೂದಿಲ್ಲ" ಎಂದು ಮಹಾದೇವಮ್ಮ ಅವಳ ಕೈ ಹಿಡಿದು ಮಾತು ಕೊಟ್ಟಳು. ಮೊಮ್ಮಗಳ ತಾಯಿಯನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಶೈಲಶ್ರೀ ಶಾಲೆಯ ಮಕ್ಕಳ ಸಂಸತ್ತಿನಲ್ಲಿ ಆಹಾರ ಮಂತ್ರಿ. ದಿನಾ ಹತ್ತೂವರೆಗೆ ಅಡುಗೆಕೋಣೆಗೆ ಓಡಿಬಂದು, ಎದೆಯುಬ್ಬಿಸಿ, "ಆಯಿ, ಇವತ್ತು ಇಪ್ಪತ್ತಾರಕ್ಕ ಇಪ್ಪತ್ತಾರು" ಎಂದು ಹೇಳಿಹೋಗುತ್ತಿದ್ದಳು. ಮಹಾದೇವಮ್ಮ ಅಷ್ಟು ಅಕ್ಕಿ ಅಳೆದು ತೊಳೆಯುತ್ತಿದ್ದಳು. ಹತ್ತು ಹನ್ನೆರಡು ದಿನ ನೆಮ್ಮದಿಯಿಂದ ಹೋದವು.

ಜಗಳ ಹುಟ್ಟಿದ್ದು ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ರೊಟ್ಟಿ ತಿನ್ನುವಾಗ. ಕಾಶೀನಾಥ ಪುಂಡಿಪಲ್ಯ ಸರಿಸಿ, "ಅಕ್ಕಾ, ನನ್ನ ಬೂಟು ಪಾಲಿಶ್ ಮಾಡು, ನಾಳಿ ಚೆಕಿಂಗ್ ಅದ" ಅಂದ. ಶೈಲಶ್ರೀ ಅರ್ಧ ರೊಟ್ಟಿ ಬಿಟ್ಟು ಎದ್ದಳು. ಅವಳ ಚೀಲ ಸರಿಸಲು ಹೋದ ಭಾಗ್ಯಶ್ರೀಗೆ ಗಣಿತದ ನೋಟುಪಟ್ಟಿಯ ಹಿಂದಿನ ಹಾಳೆಗಳು ಕಂಡವು. ತಮ್ಮನ ಇಂಗ್ಲಿಷ್ ಪುಸ್ತಕದ ಪಾಠಗಳನ್ನು ಹುಡುಗಿ ಸಣ್ಣ ಅಕ್ಷರದಲ್ಲಿ ಕದ್ದು ನಕಲು ಮಾಡಿಕೊಂಡಿದ್ದಳು. ಪೂರ್ತಿ ಹದಿನಾಲ್ಕು ಹಾಳೆ.

ಭಾಗ್ಯಶ್ರೀ ಪಟ್ಟಿಯನ್ನು ಗಂಡನ ತಾಟಿನ ಪಕ್ಕ ಇಟ್ಟಳು. "ನೋಡ್ರಿ. ಮುಂದಿನ ವಾರದಿಂದ ಈಕಿನೂ ವ್ಯಾನಿಗಿ."

"ಇಬ್ಬರಿಗಿ ಎಲ್ಲಿಂದ ತರೋದು?" ಅಂದ ಸಿದ್ಧಲಿಂಗ.

"ಫೀಸು ನಾ ಹೊಲದು ಕಟ್ತೀನಿ. ವ್ಯಾನಿಂದು ಅತ್ತಿ ಪಗಾರದಾಗ ಇಬ್ಬರದೂ ಹೊಂದತದ."

ಮಹಾದೇವಮ್ಮನ ಕೈಯ ತುತ್ತು ಅಲ್ಲೇ ನಿಂತಿತು. "ಶೈಲಾ ಎಲ್ಲೂ ಹೋಗಂಗಿಲ್ಲ. ಆಕಿ ಹೋದ್ರ ಇಪ್ಪತ್ತೈದು ಆಗ್ತದ. ಇಮಾಮ್ಬೀ ಕೆಲಸ ಹೋಗ್ತದ. ನಾ ಮಾತು ಕೊಟ್ಟೀನಿ."

"ಯಾರನ್ನ ಕೇಳಿ ಕೊಟ್ರಿ?"

"ನನ್ನ ಮೊಮ್ಮಗಳು ಆಕಿ."

"ನಿಮಗ ಮೊಮ್ಮಗಳು ಬೇಕಾಗಿಲ್ರಿ ಅತ್ತಿ, ಒಂದು ನಂಬರ ಬೇಕಾಗ್ಯದ" ಅಂದಳು ಭಾಗ್ಯಶ್ರೀ. ಅವಳ ದನಿ ಏರಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಮಗಗ ಇಂಗ್ಲಿಷ್, ಮಗಳಿಗಿ ನಿಮ್ಮ ಒಲಿ ಕಾಯೋ ಕೆಲಸ. ಎರಡು ವರ್ಷ ಬಾಯಿ ಮುಚ್ಕೊಂಡು ಕುಂತೆ. ಇನ್ನ ಕುಂದ್ರಲ್ಲ."

"ಆ ಸಾಲಿ ಅನ್ನ ತಿಂದೇ ಈ ಮನಿ ನಡದದ."

"ನಡದದ. ಹಂಗಾದ್ರ ಹುಡುಗನ್ನ ಯಾಕ ಅಲ್ಲಿ ಹಾಕಲಿಲ್ಲ ನೀವು?"

ಮಹಾದೇವಮ್ಮ ಕೈಯ ತುತ್ತನ್ನು ತಾಟಿಗೆ ಹಾಕಿದಳು. ತಾಟು ಸರಿಸಿ ಎದ್ದುಹೋದಳು. ಬಚ್ಚಲಲ್ಲಿ ಕೂತು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತಿಕ್ಕಿದಳು.

ಮರುದಿನ ಅವಳು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಹೆಡ್‌ಮಾಸ್ತರರ ಬಳಿ ಹೋಗಿ, "ಸರ್, ನಮ್ಮ ಸೊಸಿ ಟಿ.ಸಿ. ಕೇಳಾಕ ಬಂದ್ರ ಕೊಡಬ್ಯಾಡ್ರಿ" ಎಂದಳು. ಅವರಿಗೂ ಅದೇ ಬೇಕಿತ್ತು. ಭಾಗ್ಯಶ್ರೀ ಬಂದಾಗ ಸರ್ವರ್ ಇಲ್ಲ ಅಂದರು. ಎರಡನೆಯ ಸಲ ಪ್ರಿಂಟರ್ ಕೆಟ್ಟಿದೆ ಅಂದರು. ಮೂರನೆಯ ಸಲ ಅವಳು ಆಫೀಸಿನ ಬಾಗಿಲಲ್ಲೇ ನೆಲಕ್ಕೆ ಕೂತಳು.

"ಹೊಲಿಗಿ ಬಿಟ್ಟು ಮೂರು ಸಲ ಬಂದೀನಿ. ನನ್ನ ಮಗಳು ನಿಮ್ಮ ಸಾಲಿ ಸಾಮಾನಲ್ಲ. ಸಂಜಿ ತನಕ ಇಲ್ಲೇ ಕುಂದರ್ತೀನಿ, ನಿಮ್ಮ ಮಕ್ಕಳು ಯಾವ ಸಾಲ್ಯಾಗ ಓದ್ತಾರ ಅಂತ ಬಂದೋರಿಗೆಲ್ಲ ಹೇಳ್ತೀನಿ."

ರಮೇಶಕುಮಾರರ ಇಬ್ಬರು ಮಕ್ಕಳೂ ಸೇಡಂನ ಆ ಇಂಗ್ಲಿಷ್ ಶಾಲೆಯಲ್ಲೇ ಇದ್ದರು. ಹತ್ತು ನಿಮಿಷದಲ್ಲಿ ಪ್ರಿಂಟರ್ ಸರಿಯಾಯಿತು. ಅಡುಗೆಕೋಣೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮಹಾದೇವಮ್ಮ ಸೌಟು ಹಿಡಿದೇ ನಿಂತಿದ್ದಳು. ಸೊಸೆ ಅತ್ತ ತಿರುಗಿಯೂ ನೋಡದೆ ಕಾಗದ ಮಡಚಿಕೊಂಡು ಹೋದಳು.

ಮುಂದಿನ ಸೋಮವಾರ ಲೆಕ್ಕ ಹೇಳಲು ಬಂದವಳು ಮುಸರತ. "ನಾನೀ, ಇಪ್ಪತ್ತೈದು" ಎಂದು ತನ್ನ ಅಜ್ಜಿಗೆ ಹೇಳಿ ಓಡಿದಳು. ಇಪ್ಪತ್ತಾರನೆಯ ತಾಟು ಹಲಗೆಯ ಮೇಲೆ ಒಣಗಿಯೇ ಉಳಿಯಿತು.

ಇಮಾಮ್ಬೀ ಅವತ್ತು ಬೇಳೆ ಆರಿಸುತ್ತಿದ್ದವಳು ಮೊರ ಬದಿಗಿಟ್ಟಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ದನಿ ಎತ್ತಿದಳು.

"ನಾ ಹಾಲು ಕುಡಿಯೋ ಪೋರನಂಥವನ್ನ ತಾಯಿಂದ ಕಿತ್ತು ತಂದೀನಿ. ನಿಮ್ಮ ಮಾತು ಕೇಳಿ. ನೀವು ನಿಮ್ಮ ಹುಡುಗಿನ ವ್ಯಾನು ಹತ್ತಿಸಿದ್ರಿ."

"ನಾ ಹತ್ತಿಸಿಲ್ಲ ಇಮಾಮ್ಬೀ. ಸೊಸಿ ನನ್ನ ಮಾತು ಕೇಳಲಿಲ್ಲ."

"ನಿಮ್ಮ ಕೆಲಸ ಹೋಗೋದಿದ್ರ ಕೇಳತಿದ್ಲು." ಇಮಾಮ್ಬೀ ಕಣ್ಣು ಒರೆಸಿಕೊಳ್ಳಲಿಲ್ಲ. "ಇಲ್ಲಿ ಉಳಿದಿದ್ದು ಯಾರ ಮಕ್ಕಳು ಅಕ್ಕಾ? ನಮ್ಮವು, ಆ ಕಡಿ ಓಣಿವು, ಕಲ್ಲು ಒಡಿಯೋರವು, ಮತ್ತ ನಿಮ್ಮಂಥೋರ ಮನಿ ಹೆಣ್ಣಹುಡುಗ್ಯಾರು. ನಮ್ಮ ಮಕ್ಕಳು ಕುಂತಾರಂತ ಸಾಲಿ ಅದ. ಸಾಲಿ ಅದ ಅಂತ ನಿಮ್ಮ ಪಗಾರ ಅದ. ಮನಿಗಿ ಹೋಗಾಕಿ ಮಾತ್ರ ನಾ."

ಅವತ್ತು ಸಾರು ತಳ ಹತ್ತಿತು. ಮಕ್ಕಳು ಮೂಗು ಮುರಿಯುತ್ತಲೇ ಉಂಡರು.

ಅಂದು ಸಂಜೆ ಮಹಾದೇವಮ್ಮ ಮನೆಯ ನಡುಮನೆಯಲ್ಲಿ ನಿಂತು ಹೇಳಿದಳು. "ಶೈಲಾ ವ್ಯಾನಿನ್ಯಾಗ ಹೋಗ್ಲಿ. ನಾ ಇನ್ನ ಬ್ಯಾಡ ಅನ್ನಂಗಿಲ್ಲ. ಕಾಶಿ ನಮ್ಮ ಸಾಲಿಗಿ ಬರ್ಲಿ. ಎರಡು ವರ್ಷ ಅವ ಹೋದ, ಇನ್ನ ಆಕಿ ಹೋಗ್ಲಿ. ಲೆಕ್ಕ ಇಪ್ಪತ್ತಾರೇ ಇರ್ತದ."

ಆ ಮನೆಯಲ್ಲಿ ಯಾರ ತಲೆಗೂ ಅಲ್ಲಿಯವರೆಗೆ ಬಂದಿರದ ಮಾತು ಅದು.

"ತಲಿ ನೆಟ್ಟಗದ ಇಲ್ಲ ಯವ್ವಾ ನಿಂದು?" ಅಂದ ಸಿದ್ಧಲಿಂಗ. "ಹುಡುಗನ್ನ ಅಲ್ಲಿ ಕುಂದ್ರಸ್ತಾರೇನು? ಯಾರು ಉಳದಾರ ಅಲ್ಲಿ?"

"ನಿನ್ನ ಮಗಳು ಮೊನ್ನಿ ತನಕ ಅಲ್ಲೇ ಕುಂತಿದ್ಲಲ್ಲ. ಆವಾಗ ಯಾರಿದ್ರು ಅಲ್ಲಿ?"

ಅವನು ಭಾಗ್ಯಶ್ರೀಯ ಮುಖ ನೋಡಿದ. ಮಹಾದೇವಮ್ಮನೂ ನೋಡಿದಳು. ಮಗಳಿಗಾಗಿ ಆಫೀಸಿನ ಬಾಗಿಲಲ್ಲಿ ಕೂತ ಹೆಣ್ಣು, ಇವಳಾದರೂ ಹೂಂ ಎಂದಾಳು ಎಂದು ಅವಳಿಗೆ ಆಸೆಯಿತ್ತು. ಭಾಗ್ಯಶ್ರೀ ಸೂಜಿಗೆ ದಾರ ಪೋಣಿಸುತ್ತ ತಲೆ ತಗ್ಗಿಸಿದಳು.

"ಅವ ಎರಡು ವರ್ಷ ಇಂಗ್ಲಿಷ್ನ್ಯಾಗ ಓದ್ಯಾನ್ರಿ ಅತ್ತಿ. ನಡುವ ಬಿಡಿಸಿದ್ರ ಹಾಳಾಗ್ತಾನ. ಗಂಡಹುಡುಗ."

"ಗಂಡಹುಡುಗ" ಎಂದು ಮಹಾದೇವಮ್ಮ ಅವಳ ಮಾತನ್ನೇ ತಿರುಗಿ ಅಂದಳು.

ಜುಲೈ ಕೊನೆಯ ಶನಿವಾರ ಸಮಿತಿಯ ಸಭೆ ಕೂಡಿತು. ಶಾಲೆ ಬಿಟ್ಟ ಮೇಲೆ ನಾಲ್ಕನೆಯ ತರಗತಿಯ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತರು. ಇಮಾಮ್ಬೀ ಬಾಗಿಲ ಹೊರಗೆ ನಿಂತಿದ್ದಳು. ಜಟ್ಟೆಪ್ಪ ಗಂಟಲು ಸರಿಮಾಡಿಕೊಂಡು, ಹಿರಿತನದ ಪ್ರಕಾರ ಮಹಾದೇವಮ್ಮ ಉಳಿಯುತ್ತಾಳೆ, ಇಮಾಮ್ಬೀಯನ್ನು ಬಿಡಿಸುವುದು ಎಂದ.

"ತತ್ತಿ ಯಾರು ಕುದಸ್ತಾರ?" ಎಂದು ಮಹಾದೇವಮ್ಮ ಕೇಳಿದಳು.

ಹೆಡ್‌ಮಾಸ್ತರರು ಪೆನ್ನು ತಡೆದರು. "ಹಾಂ, ಅದೊಂದದ. ಎಲ್ಲರಿಗೂ ಬಾಳಿಹಣ್ಣು ಕೊಟ್ರಾತು ಬಿಡ್ರಿ."

"ಇಪ್ಪತ್ತೈದರಾಗ ಇಪ್ಪತ್ತೊಂದು ಮಕ್ಕಳು ತತ್ತಿ ತಿಂತಾವ. ದಿನಾ ಕೇಳಿ ಕೇಳಿ ಬರ್ತಾವ, ಇವತ್ತು ತತ್ತಿ ದಿನ ಹೌದಿಲ್ಲೋ ಅಂತ. ಅವುಗಳ ಬಾಯಾಗಿಂದು ಕಸದು ನನ್ನ ಕೆಲಸ ಉಳಸ್ತೀರೇನು?"

"ಮತ್ತ ನೀ ಕುದಸ್ತಿಯೇನು?" ಅಂದ ಜಟ್ಟೆಪ್ಪ.

"ನಾ ಕುದಸಂಗಿಲ್ಲ. ನನ್ನ ಕೊರಳಾಗ ಲಿಂಗ ಅದ. ಇಮಾಮ್ಬೀಗಿ ಅನ್ನ ಬರ್ತದ, ಸಾರು ಬರ್ತದ, ತತ್ತಿನೂ ಬರ್ತದ. ಪೂರಾ ಕೆಲಸ ಮಾಡಾಕಿ ಇರ್ಲಿ, ಅರ್ಧ ಕೆಲಸ ಮಾಡಾಕಿ ಹೋಗ್ಲಿ. ಬರ್ಕೊಳ್ರಿ ಸರ್, ಮಹಾದೇವಮ್ಮ ತಾನೇ ಬಿಟ್ಟಾಳ ಅಂತ."

ಬೆಂಚುಗಳು ಕಿರುಗುಟ್ಟಿದವು. ಜಟ್ಟೆಪ್ಪ ದನಿ ತಗ್ಗಿಸಿದ. "ಮಾದೇವಮ್ಮ, ಜರಾ ವಿಚಾರ ಮಾಡು. ಆಕಿ ಒಬ್ಬಾಕಿ ಮಾಡಿದ್ರ ನಮ್ಮ ಮಂದಿ ಮಕ್ಕಳು ಉಣ್ಣಬೇಕಲ್ಲ?"

"ನಿಮ್ಮ ಮಂದಿ ಮಕ್ಕಳು ಎಲ್ಲವ್ರಿ ಇಲ್ಲಿ?" ಮಹಾದೇವಮ್ಮ ಎದ್ದು ನಿಂತಳು. "ವ್ಯಾನಿನ್ಯಾಗ ಹೋಗ್ಯಾವ. ನಿಮ್ಮ ಮಗ ಹೋಗ್ಯಾನ, ನಮ್ಮ ಮೊಮ್ಮಗ ಹೋಗ್ಯಾನ, ಮಾಸ್ತರ ಮಕ್ಕಳೂ ಹೋಗ್ಯಾವ. ಹುಡುಗ್ಯಾರನ್ನಷ್ಟು ಬಿಟ್ಟೀವಿ. ಅವು ಯಾರ ಕೈಯಾಗ ಉಂಡ್ರೂ ನಮಗ ನಡೀತಿತ್ತಲ್ಲ ಇಷ್ಟು ದಿನ? ನಾ ಸೇರುವಾಗ ಮಕ್ಕಳು ಈ ಸಾಲ್ಯಾಗ ಇದ್ದವರಿಗಿ ಮೊದಲು ಕೆಲಸ ಅಂದಿದ್ರು. ಆವಾಗ ಸಿದ್ಧಲಿಂಗ ಇಲ್ಲಿ ಓದತಿದ್ದ. ಈಗ ನನ್ನ ಮನಿದೊಂದೂ ಇಲ್ಲಿಲ್ಲ. ಆಕಿವು ಎರಡು ಅವ."

ಕಾಗದಕ್ಕೆ ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಇದೇ ಶಾಲೆಯಲ್ಲಿ ಶೈಲಶ್ರೀ ಕಲಿಸಿಕೊಟ್ಟ ಹಾಗೆ, ಐದು ನಿಮಿಷ ಹಿಡಿದು, ಹೆಸರು ಬರೆದಳು. ಹೊರಗೆ ಬಂದಾಗ ಇಮಾಮ್ಬೀ ಅವಳ ಮುಂದೆ ನಿಂತು, "ಅಕ್ಕಾ, ನಾ ಇದನ್ನ ಕೇಳಿರಲಿಲ್ಲ" ಅಂದಳು.

"ನೀ ಕೇಳಿಲ್ಲ. ಕೇಳಿದ್ರ ಕೊಡತಿರಲಿಲ್ಲೇನೋ ನಾ" ಎಂದು ಅಡುಗೆಕೋಣೆಯ ಕೀಲಿಕೈಯನ್ನು ಅವಳ ಅಂಗೈಗೆ ಹಾಕಿ ಮಹಾದೇವಮ್ಮ ನಡೆದುಬಿಟ್ಟಳು. ಪುಣ್ಯದ ಕೆಲಸ ಮಾಡಿದೆ ಎಂದು ಅವಳಿಗೆ ಅನಿಸಲಿಲ್ಲ. ಸಿಟ್ಟು ಮೊದಲಿನಷ್ಟೇ ಇತ್ತು.

ಸಿದ್ಧಲಿಂಗ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಮಾತಾಡಲೇಬೇಕಾಯಿತು. ವ್ಯಾನಿನವನು ಹೊಸ ತಿಂಗಳ ಬಾಡಿಗೆ ಅಂದೇ ಕೇಳುತ್ತಿದ್ದ. ಇಬ್ಬರು ಮಕ್ಕಳೂ ಟೈ ಕಟ್ಟಿಕೊಂಡು, ಸಜ್ಜಾಗಿ ನಡುಮನೆಯಲ್ಲಿ ನಿಂತಿದ್ದರು. ಭಾಗ್ಯಶ್ರೀ ಡಬ್ಬಿಗೆ ಚಪಾತಿ ಹಾಕುತ್ತಿದ್ದಳು.

"ಯವ್ವನ ಪಗಾರ ನಿಂತದ" ಅಂದ ಸಿದ್ಧಲಿಂಗ. "ನಾ ಎಷ್ಟು ಎಳದ್ರೂ ಒಬ್ಬರದೇ ಆಗ್ತದ. ಒಬ್ಬರು ಇಳೀಬೇಕು."

ಅವನ ಕಣ್ಣು ಶೈಲಶ್ರೀಯ ಮೇಲೆ ಹೋಯಿತು. ಭಾಗ್ಯಶ್ರೀಯ ಕಣ್ಣೂ ಹೋಯಿತು. ಏಳು ವರ್ಷದ ಕಾಶೀನಾಥನೂ ಅಕ್ಕನ ಕಡೆಗೇ ನೋಡಿದ. ಕೊನೆಗೆ, ಶನಿವಾರ ಸಭೆಯಲ್ಲಿ ಅಷ್ಟೆಲ್ಲ ಮಾತಾಡಿ ಬಂದ ಮಹಾದೇವಮ್ಮನ ಕಣ್ಣೂ, ರೂಢಿ ತಪ್ಪದೆ, ಅಲ್ಲಿಗೇ ಹೋಯಿತು. ಅದು ಅವಳಿಗೆ ಆಮೇಲೆ ತಿಳಿಯಿತು, ತಿಳಿದು ಮೈ ಉರಿಯಿತು.

ಶೈಲಶ್ರೀ ಚೀಲ ಕೆಳಗಿಟ್ಟಳು. ಕೊರಳಿಗೆ ಕೈ ಹಾಕಿ ಟೈ ಸಡಿಲಿಸತೊಡಗಿದಳು. ಯಾವತ್ತಾದರೂ ಬಿಚ್ಚಬೇಕಾಗುತ್ತದೆ ಎಂದು ಕಟ್ಟಿದ ದಿನವೇ ಗೊತ್ತಿದ್ದವಳ ಹಾಗೆ.

ಭಾಗ್ಯಶ್ರೀ ಡಬ್ಬಿಯ ಮುಚ್ಚಳ ಬಿಟ್ಟು ಎದ್ದುಬಂದಳು. ಮಗಳ ಕೈಗೆ ಪಟ್ಟನೆ ಒಂದು ಏಟು ಹಾಕಿದಳು. "ಯಾರು ಬಿಚ್ಚು ಅಂದ್ರು ನಿನಗ? ಯಾಕ ಬಿಚ್ಚಿದಿ?" ಎನ್ನುತ್ತ ಟೈಯನ್ನು ಮತ್ತೆ ಬಿಗಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಕಾಶಿ ಟೈ ಬಿಚ್ರಿ."

"ಏನಂದಿ?"

"ಕಾಶಿ ಟೈ ಬಿಚ್ರಿ ಅಂದೆ. ಮೂರು ವಾರ ಆತು ಆಕಿ ವ್ಯಾನು ಹತ್ತಿ. ಇನ್ನೂ ಸಂಬಂಧಿಕರ ಮನ್ಯಾಗ ನಿಂತಾಕಿಗತೆ ನಿಂತಾಳ. ನಾನೂ ಆಕಿನ್ನೇ ನೋಡಿದೆ. ನನ್ನ ಕಣ್ಣೂ ಆಕಿ ಮ್ಯಾಲೇ ಹೋದ್ವು. ಬಿಚ್ರಿ."

ಹೊರಗೆ ಹಾರ್ನ್ ಕೇಳಿಸಿತು. ಸಿದ್ಧಲಿಂಗ ನಿಂತಲ್ಲಿಂದ ಕದಲಲಿಲ್ಲ. ಮಗನ ಕೊರಳಿಗೆ ಕೈ ಹಾಕುವುದು ಅವನಿಂದ ಆಗಲಿಲ್ಲ. ಭಾಗ್ಯಶ್ರೀಯೂ ಹೇಳಿದಳೇ ಹೊರತು ಮುಂದೆ ಬರಲಿಲ್ಲ. ಎರಡನೆಯ ಹಾರ್ನ್ ಆಯಿತು.

ಮಹಾದೇವಮ್ಮ ಮೊಮ್ಮಗನ ಮುಂದೆ ಮೊಣಕಾಲೂರಿದಳು. ಈಗ ಮತ್ತೆ ಇಪ್ಪತ್ತಾರಾಗುತ್ತದೆ ಎಂಬುದು ಆಗಲೇ ಅವಳ ತಲೆಯಲ್ಲಿ ಹೊಳೆದದ್ದು. ಅವಳ ಕಾಗದ ಶನಿವಾರ ಸಂಜೆಯೇ ಸೇಡಂ ಕಚೇರಿಗೆ ಹೋಗಿತ್ತು. ಒಂದು ತಿಂಗಳು ಮೊದಲು ಈ ಮನೆ ಇಷ್ಟು ಮಾಡಿದ್ದರೆ ಯಾರ ಕೆಲಸವೂ ಹೋಗುತ್ತಿರಲಿಲ್ಲ. ಎರಡು ವರ್ಷ ಮೊದಲು ತಾನೇ ಬೇರೆ ಮಾತು ಆಡಿದ್ದರೆ ಆ ಹುಡುಗಿ ಕದ್ದು ಬರೆದುಕೊಳ್ಳಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ದೃಷ್ಟಿ ತೆಗೆದು ಕಟ್ಟಿದ ಅದೇ ಕೈಯಿಂದ ಟೈ ಬಿಚ್ಚಿ, ಸುತ್ತಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಶೈಲಶ್ರೀ ಒಬ್ಬಳೇ ಓಡಿಹೋಗಿ ವ್ಯಾನು ಹತ್ತಿದಳು. ಕಾಶೀನಾಥ ಖಾಲಿ ಕೊರಳು ಮುಟ್ಟಿಕೊಂಡು, ಕೆಳತುಟಿ ಮುಂದೆ ಮಾಡಿ ನಿಂತಿದ್ದ.

"ಆಯಿ, ಅಲ್ಲಿ ಬಾಳಿಹಣ್ಣು ಕೊಡ್ತಾರಂತಲ್ಲ. ನೀ ನನಗ ಎರಡು ಹಾಕ್ತಿ?"

"ನಾ ಹಾಕಂಗಿಲ್ಲ" ಎಂದಳು ಮಹಾದೇವಮ್ಮ, ಅವನ ಕೈ ಹಿಡಿದು ಹೊಸ್ತಿಲು ದಾಟುತ್ತ. "ಇಮಾಮ್ಬೀ ಹಾಕ್ತಾಳ. ಎಲ್ಲರಿಗೂ ಎಷ್ಟೋ, ನಿನಗೂ ಅಷ್ಟೇ. ನಡಿ."